ನನ್ನ ಎದೆಗೆ ಸಾಕ್ಷಿ

ನನಗೆ ಸೇವೆಯಲ್ಲಿದ್ದಾಗ ಉಬ್ಬಸ ಇರಲೇ ಇಲ್ಲವಂತೆ. ಅಂಗವೈಕಲ್ಯ ಪಿಂಚಣಿ ಕೇಳಿದ ನನ್ನ ಅರ್ಜಿಯನ್ನು ತಳ್ಳಿಹಾಕಿದ ಪಿಂಚಣಿ ಕಚೇರಿಯ ಕಾಗದ ಹಾಗೆ ಹೇಳಿತು. ಅದು ಅರ್ಧ ಪುಟದ ಕಾಗದ. ಓದಿ ಮುಗಿಸುವಷ್ಟರಲ್ಲಿ ನಾನು ನಾಲ್ಕು ಕಡೆ ನಿಲ್ಲಿಸಿ ಕೆಮ್ಮಬೇಕಾಯಿತು.

ಇಪ್ಪತ್ತೆರಡು ವರ್ಷ ನಾನು ಸೇನೆಯಲ್ಲಿ ಅಡುಗೆಯವನಾಗಿದ್ದೆ. (ನಗಬೇಡಿ. ಬಂದೂಕು ಹಿಡಿಯುವ ಕೈಗೂ ಮೊದಲು ಹೊಟ್ಟೆ ತುಂಬಿರಬೇಕು.) ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಹಿಟ್ಟಿನ ಚೀಲದ ಮೇಲಿನ ಬರಹ ನೋಡಿ ನೋಡಿಯೇ ಅಕ್ಷರ ಕಲಿತೆ. ಆಮೇಲೆ ಕೈಗೆ ಸಿಕ್ಕ ಕಾಗದವನ್ನೆಲ್ಲ ಓದಿ ಅರಗಿಸಿಕೊಂಡೆ. ಚಳಿ ಪ್ರದೇಶದಲ್ಲಿ ನಾಲ್ಕೂ ಕಡೆ ಮುಚ್ಚಿದ ಗುಡಾರದಲ್ಲಿ ಸೀಮೆಎಣ್ಣೆಯ ದೊಡ್ಡ ಒಲೆಗಳು ಬುಸುಗುಟ್ಟುತ್ತಿದ್ದವು. ಆ ಕಪ್ಪು ಹೊಗೆ ನನ್ನ ಎದೆಯಲ್ಲೇ ಬಿಡಾರ ಹೂಡಿತು. ನಾನು ನಿವೃತ್ತನಾದೆ, ಅದು ಆಗಲಿಲ್ಲ.

ಹಾಗಿದ್ದರೆ ದಾಖಲೆಯಲ್ಲಿ ಯಾಕಿಲ್ಲ ಎಂದು ಕೇಳುತ್ತೀರಿ. ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆಗೆ ಇನ್ನೂರು ಜನ ಸಾಲಾಗಿ ನಿಲ್ಲುತ್ತಿದ್ದೆವು. ವೈದ್ಯರು ತಲೆಯೆತ್ತದೆ "ಏನಾದ್ರೂ ತೊಂದರೆ?" ಎನ್ನುತ್ತಿದ್ದರು. ಸೆಟೆದು ನಿಂತು "ಇಲ್ಲ ಸರ್" ಎಂದು ಮುಂದಕ್ಕೆ ಸಾಗಬೇಕು, ಅದೇ ವಾಡಿಕೆ. "ಇದೆ" ಎಂದವನನ್ನು ಹಿಂದಿನ ಸಾಲು ಕಣ್ಣಲ್ಲೇ ಸುಟ್ಟುಬಿಡುತ್ತಿತ್ತು, ಯಾಕೆಂದರೆ ಎಲ್ಲರ ಊಟ ತಡವಾಗುತ್ತದೆ. ಆ ಊಟ ಬೇಯಿಸಬೇಕಾದವನೇ ನಾನು. ಹೀಗೆ ಇಪ್ಪತ್ತೆರಡು ವರ್ಷ, ಇಪ್ಪತ್ತೆರಡು "ಇಲ್ಲ ಸರ್". ಕಚೇರಿಯವರು ಅವನ್ನೆಲ್ಲ ಒಂದೂ ಬಿಡದೆ ಎತ್ತಿಟ್ಟುಕೊಂಡಿದ್ದರು.

ಉಳಿದದ್ದು ಒಂದೇ ದಾರಿ, ಮೇಲ್ಮನವಿ. ಅದೂ ಬಿದ್ದುಹೋದರೆ ಸೇನಾ ಆಸ್ಪತ್ರೆಯ ಬಾಗಿಲು ನನಗೆ ಮುಚ್ಚಿದಂತೆಯೇ. ಆಗಲೇ ನಾನು ಔಷಧಿಯ ಖರ್ಚಿಗೆ ಹೆದರಿ, ಎರಡು ಸಲ ಎಳೆಯಬೇಕಾದ ಇನ್ಹೇಲರನ್ನು ಒಂದೇ ಸಲ ಎಳೆದು, ಉಳಿದದ್ದನ್ನು ನಾಳೆಗೆಂದು ಬಚ್ಚಿಡುತ್ತಿದ್ದೆ. ಅದು ಮನೆಯಾಕೆಗೆ ತಿಳಿಯದೆಂದು ನನ್ನ ನಂಬಿಕೆ.

ಮೇಲ್ಮನವಿಯನ್ನು ನಾನೇ ಬರೆದೆ. ಹನ್ನೊಂದು ಪುಟ. "ಮಹಾಮಹಿಮರ ಪಾದಾರವಿಂದಗಳಲ್ಲಿ" ಎಂದು ಶುರುಮಾಡಿ, ನೂರು ಕಿಲೋ ತೂಗುವ ಹಂಡೆಯನ್ನು ಒಬ್ಬನೇ ಹೊತ್ತು ಗುಡ್ಡವೇರಿದ್ದನ್ನೂ, ಜ್ವರದಲ್ಲೂ ಒಲೆ ಬಿಟ್ಟು ಕದಲದ್ದನ್ನೂ ಸವಿಸ್ತಾರವಾಗಿ ವರ್ಣಿಸಿದೆ. ನನ್ನ ಮನೆಯಾಕೆ ಕನ್ನಡಕ ಏರಿಸಿ ಕೊನೆಯ ಪುಟದವರೆಗೂ ಓದಿದಳು.

"ಏನ್ರೀ, ಇದರಲ್ಲಿ ಕೆಮ್ಮು ಎಲ್ಲಿ?"

"ಏಳನೇ ಪುಟದಲ್ಲಿ ಸೂಚ್ಯವಾಗಿದೆ."

"ಇದನ್ನ ಓದಿದ್ರೆ ಅವರು ನಿಮಗೆ ಪಿಂಚಣಿ ಕೊಡಲ್ಲ. ವಾಪಸ್ ಕರೆದು ಹಂಡೆ ಹೊರಿಸ್ತಾರೆ."

ಅವಳ ತಮ್ಮ ನ್ಯಾಯಾಲಯದಲ್ಲಿ ಟೈಪಿಸ್ಟನಾಗಿದ್ದು ನಿವೃತ್ತನಾದವನು. ಅವನನ್ನು ಕರೆಸಿದಳು. ಅವನು ನನ್ನ ಹನ್ನೊಂದು ಪುಟವನ್ನು ಒಂದೂವರೆ ಪುಟಕ್ಕೆ ಇಳಿಸಿದ. ಹಂಡೆ ಹೋಯಿತು, ಗುಡ್ಡ ಹೋಯಿತು, ಪಾದಾರವಿಂದವೂ ಹೋಯಿತು. ಉಳಿದದ್ದು ಬರೀ ಹೊಗೆ ಮತ್ತು ಕೆಮ್ಮು. ಓದಿದರೆ ಯಾರೋ ಬಡಪಾಯಿಯ ಕಥೆಯಂತಿತ್ತು.

ಮೇಲ್ಮನವಿ ಮಂಡಳಿಯ ವಿಚಾರಣೆಗೆ ದಿನ ಗೊತ್ತಾಯಿತು, ಆಮೇಲೆ ಶುರುವಾಯಿತು ತಾಲೀಮು. ಭಾವಮೈದ ಮಂಚದ ಮೇಲೆ ಅಧ್ಯಕ್ಷನಾಗಿ ಕೂತು "ತೊಂದರೆ ಇದೆಯೇ?" ಎಂದು ಕೇಳಬೇಕು, ನಾನು "ಇದೆ ಸರ್" ಎನ್ನಬೇಕು. ಎರಡೇ ಮಾತು. ಮೊದಲ ದಿನ ನಾಲಿಗೆ ಹೊರಳಲಿಲ್ಲ. ನಾಲ್ಕನೆಯ ದಿನ ಗೋಡೆಯ ಕಡೆ ತಿರುಗಿ ಹೇಳಿದೆ. ಆರನೆಯ ದಿನ ಅವನ ಮುಖ ನೋಡಿಯೇ ಹೇಳಿದೆ. "ಗೆದ್ರಿ ಭಾವ" ಎಂದ.

ವಿಚಾರಣೆಯ ಕೊಠಡಿ ಎರಡನೆಯ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿದಾಗ ನನ್ನ ಎದೆ ತಿದಿಯಂತೆ ಏರಿಳಿಯುತ್ತಿತ್ತು. ಮನೆಯಾಕೆ ಹಾಗೇ ಒಳಗೆ ಹೋಗೋಣವೆಂದು ಕೈ ಹಿಡಿದು ಎಳೆದಳು. ನಾನು ಒಪ್ಪಲಿಲ್ಲ. ಅಧಿಕಾರಿಗಳ ಮುಂದೆ ನಾಯಿಯ ಹಾಗೆ ಏದುಸಿರು ಬಿಡುತ್ತಾ ಹೋಗುವುದುಂಟೇ? ಕಂಬದ ಮರೆಯಲ್ಲಿ ಕಾಲು ಗಂಟೆ ನಿಂತು, ಉಸಿರನ್ನು ಹದಕ್ಕೆ ತಂದು, ಬೆವರೊರೆಸಿ, ಮೀಸೆ ತೀಡಿಕೊಂಡು, ಮದುಮಗನಂತೆ ಒಳಗೆ ನಡೆದೆ.

ಮೇಜಿನ ಹಿಂದೆ ಮೂವರು. ನಡುವೆ ಅಧ್ಯಕ್ಷರು, ನೆಟ್ಟಗಿನ ಬೆನ್ನಿನ ಹಳೆಯ ಸೇನಾಧಿಕಾರಿ. ಬಲಕ್ಕೆ ವೈದ್ಯರು. ಅಧ್ಯಕ್ಷರು ಕಡತದಿಂದ ತಲೆಯೆತ್ತದೆ ಕೇಳಿದರು.

"ಏನಾದ್ರೂ ತೊಂದರೆ?"

ನನ್ನ ಹಿಮ್ಮಡಿಗಳು ತಾವಾಗಿಯೇ ಕೂಡಿಕೊಂಡವು.

"ಇಲ್ಲ ಸರ್."

ಜೊತೆಗೆ ಬಂದಿದ್ದ ಭಾವಮೈದನ ಕೈಯಿಂದ ಪೆನ್ನು ಜಾರಿ ಬಿತ್ತು. ವೈದ್ಯರು ಕಡತ ಮುಚ್ಚಲು ಕೈ ಚಾಚಿದರು. ನನ್ನ ಇನ್ಹೇಲರು, ನನ್ನ ಆಸ್ಪತ್ರೆ, ಮುಂದಿನ ನನ್ನ ಉಸಿರೆಲ್ಲ ಆ ಕಡತದೊಳಗಿದ್ದವು. ಬಾಯಿ ಬಿಡುವ ಬದಲು ನಾನು ಇನ್ನಷ್ಟು ಸೆಟೆದು ನಿಂತೆ.

ಹಿಂದಿನ ಬೆಂಚಿನಿಂದ ಮನೆಯಾಕೆ ಎದ್ದಳು.

"ಸ್ವಾಮಿ, ಇವರನ್ನ ಕೇಳಬೇಡಿ. ಇವರು ಇಪ್ಪತ್ತೆರಡು ವರ್ಷದಿಂದ ಹೀಗೇ ಸುಳ್ಳು ಹೇಳ್ತಿದ್ದಾರೆ."

ಆಮೇಲೆ ನನ್ನ ಮಾನ ಕಂತುಕಂತಾಗಿ ಹರಾಜಾಯಿತು. ನಾನು ಗೋಡೆಗೊರಗಿ ಕೂತೇ ನಿದ್ದೆ ಮಾಡುವುದು, ಪೇಟೆಗೆ ಹೋಗುವಾಗ ಉಸಿರು ಕಟ್ಟಿದರೆ ಹೆಂಗಸರ ಚಪ್ಪಲಿ ಅಂಗಡಿಯ ಮುಂದೆ ನಿಂತು ಚಪ್ಪಲಿ ನೋಡುವ ಸೋಗು ಹಾಕುವುದು, ಔಷಧಿಯನ್ನು ಅರ್ಧಕ್ಕರ್ಧ ಉಳಿಸಿ ಕಾಲುಚೀಲದಲ್ಲಿ ಬಚ್ಚಿಡುವುದು. (ಕಾಲುಚೀಲದ ಸಂಗತಿ ಅವಳಿಗೆ ಹೇಗೆ ಗೊತ್ತೆಂಬುದು ಇವತ್ತಿಗೂ ನನಗೆ ತಿಳಿಯದು.) ವೈದ್ಯರು ಎದ್ದು ಬಂದು ನನ್ನ ಎದೆಗೆ ಕೊಳವೆ ಇಟ್ಟು ಆಲಿಸಿದರು. ಉಬ್ಬಸ ಇರುವುದು ನಿಜ, ಆದರೆ ಸೇವೆಯಲ್ಲೇ ಶುರುವಾಯಿತೆಂಬುದಕ್ಕೆ ಪುರಾವೆ ಬೇಕು ಎಂದರು.

ಅವಳು ಬಟ್ಟೆಚೀಲದಿಂದ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟಳು. ಸೇನೆಯ ಅಂಚೆ ಮುದ್ರೆ ಬಿದ್ದ, ನಾನೇ ಬರೆದ ಕಾಗದಗಳವು. ಅಧ್ಯಕ್ಷರ ಅಪ್ಪಣೆಯಂತೆ ಗುಮಾಸ್ತರೊಬ್ಬರು ಮೇಲಿನದನ್ನು ಬಿಡಿಸಿ, ಸಾಮಾನಿನ ಪಟ್ಟಿ ಓದುವ ದನಿಯಲ್ಲಿ ಓದಿದರು.

"ನನ್ನ ಪುಟ್ಟ ಗುಬ್ಬಚ್ಚಿಗೆ. ನಿನ್ನ ಗುಂಡು ಕೆನ್ನೆ ನೆನಪಾಗಿ ಇವತ್ತು ಹಂಡೆಗೆ ಎರಡು ಸಲ ಉಪ್ಪು ಹಾಕಿದೆ. ಒಲೆಯ ಹೊಗೆ ಎದೆಯಲ್ಲಿ ಕೂತುಬಿಟ್ಟಿದೆ. ಮಲಗಿದರೆ ಉಸಿರು ಸಿಗುವುದಿಲ್ಲ. ವೈದ್ಯರಿಗೆ ಹೇಳಿಲ್ಲ, ನಿನಗೆ ಮಾತ್ರ ಹೇಳುತ್ತಿದ್ದೇನೆ."

ಅಧ್ಯಕ್ಷರು ಮೊದಲ ಸಲ ತಲೆಯೆತ್ತಿದರು.

"ಇಂಥವು ಎಷ್ಟಿವೆ ತಾಯಿ?"

"ನಲವತ್ತೊಂದು. ಎಲ್ಲದರಲ್ಲೂ ಕೆಮ್ಮಿದೆ."

"ಗುಬ್ಬಚ್ಚಿ?"

"ಅದೂ ಇದೆ."

ಅಧ್ಯಕ್ಷರು ಗುಮಾಸ್ತರ ಕಡೆ ತಿರುಗಿದರು. "ಕೆಮ್ಮಿನ ಭಾಗ ಮಾತ್ರ ಓದಿ."

ಆರು ವಾರದ ನಂತರ ಆದೇಶ ಬಂತು. ಭಾವಮೈದ ಹೊಸ್ತಿಲಲ್ಲೇ ನಿಂತು ಓದಿದ. ಮೇಲ್ಮನವಿ ಪುರಸ್ಕೃತವಾಗಿದೆ, ಅಂಗವೈಕಲ್ಯ ಪಿಂಚಣಿ ಉಂಟು, ಸೇನಾ ಆಸ್ಪತ್ರೆಯಲ್ಲಿ ಜೀವನಪರ್ಯಂತ ಚಿಕಿತ್ಸೆ ಉಂಟು. ನಾನು ಕುರ್ಚಿಯಲ್ಲಿ ಕುಸಿದು ಕೂತೆ. ಮನೆಯಾಕೆ ಇನ್ಹೇಲರ್ ತಂದು ಕೈಗಿಟ್ಟಳು. ನಾಳೆಯ ಲೆಕ್ಕವಿಲ್ಲದೆ ಎರಡು ಸಲ ಪೂರ್ತಿಯಾಗಿ ಎಳೆದೆ. ಎದೆಯ ಮೇಲಿನ ಚಪ್ಪಡಿಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು.

"ಇನ್ನೊಂದು ಕಲಮಿದೆ ಭಾವ" ಎಂದು ಅವನು ಮುಂದೆ ಓದಿದ. "ಅರ್ಜಿದಾರರು ತಮ್ಮ ಆರೋಗ್ಯದ ಬಗ್ಗೆ ನೀಡುವ ಹೇಳಿಕೆ ನಂಬಲರ್ಹವಲ್ಲವೆಂದು ಈ ಮಂಡಳಿ ಕಂಡುಕೊಂಡಿದೆ. ಇನ್ನು ಮುಂದೆ ವೈದ್ಯರು ಅವರ ಸ್ಥಿತಿಯನ್ನು ಅವರ ಪತ್ನಿಯಿಂದಲೇ ಕೇಳಿ ತಿಳಿಯತಕ್ಕದ್ದು."

ಮನೆಯಾಕೆ ಆ ಕಲಮನ್ನು ಇನ್ನೊಮ್ಮೆ ಓದಿಸಿದಳು. ಮೂರನೆಯ ಸಲ ತಾನೇ ಓದಿಕೊಂಡಳು. ಕೆಳಗೆ ಮೂರು ರುಜು, ಒಂದು ಮೊಹರು.

ಜೀವಮಾನದಲ್ಲಿ ಮೊದಲ ಸಲ ನನಗೊಂದು ದೂರು ಕೊಡಬೇಕೆನ್ನಿಸಿತು. ಆದರೆ ಇನ್ನು ನನ್ನ ಮಾತನ್ನು ನಂಬುವವರು ಯಾರು?