ಎಂಜಲು ಹಾಲು

ದಾಶ್‌ಜೆವೆಗ್ ಮಾಡಿದ ತಪ್ಪು ಇಷ್ಟೇ. ಕಳೆದ ವಾರ ಮಗ ಇತ್ಗೆಲ್ ಪರದೇಶಕ್ಕೆ ಹೊರಟ ಬೆಳಿಗ್ಗೆ, ಹೊಸ ಹಾಲಿನ ಮೊದಲ ಸೌಟನ್ನು ತನ್ನ ಉಪ್ಪು ಚಹಕ್ಕೆ ಸುರಿದುಕೊಂಡು, ಮಿಕ್ಕದ್ದನ್ನು ಮಗನ ಬಸ್ಸಿನ ಹಿಂದೆ ಎರಚಿದ. ಹೊರಟವರ ಹಿಂದೆ ಎರಚುವ ಹಾಲು ಯಾರೂ ಮುಟ್ಟದ ಮೊದಲ ಪಾಲಾಗಿರಬೇಕು. ಇದನ್ನು ಕಂಡದ್ದು ಎದುರು ಮನೆಯ ತ್ಸೆಂದ್ಮಾ ಒಬ್ಬಳೇ. ಅರ್ಧ ಉಲಾನ್‌ಬಾತರಿಗೆ ಸುದ್ದಿ ಮುಟ್ಟಲು ಅಷ್ಟು ಸಾಕಾಯಿತು.

ಇತ್ಗೆಲ್ ದೇಶದ ಹದಿನಾರರೊಳಗಿನವರ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಹುಟ್ಟಿದಾಗಿನಿಂದ ಆ ತಂಡ ಹೊರದೇಶದವರೊಡನೆ ಆಡಿದ್ದು ಮೂವತ್ತೊಂದು ಪಂದ್ಯ, ಸೋತದ್ದೂ ಮೂವತ್ತೊಂದೇ. ಈ ವಾರದ ಎರಡರಲ್ಲಿ ತಿಂದ ಗೋಲು ಒಂಬತ್ತು ಮತ್ತು ಏಳು. ಆಗೆಲ್ಲ ಬೆಂಚಿನ ಮೇಲೆ ಕೂತಿದ್ದ ಇತ್ಗೆಲ್‌ಗೆ ಇವತ್ತು ಮೊದಲ ಸಲ ಕಣಕ್ಕಿಳಿಯುವ ಭಾಗ್ಯ. ಅದನ್ನು ನೋಡಲೆಂದೇ ದಾಶ್ ಕೆಲಸಕ್ಕೆ ರಜೆ ಹಾಕಿದ್ದ.

ಟಿವಿ ಹಾಕುವಷ್ಟರಲ್ಲಿ ತ್ಸೆಂದ್ಮಾ ಆರು ಜನ ನೆರೆಯವರನ್ನು ಕಟ್ಟಿಕೊಂಡು ಒಳಗೆ ಬಂದಳು.

"ದಾಶ್, ನೀನು ನೋಡ್ಬೇಡ ಕಣಪ್ಪ. ನಿನ್ನ ಎಂಜಲು ಹಾಲು, ನಿನ್ನ ಕಣ್ಣು, ಎರಡೂ ಹುಡುಗರಿಗೆ ಆಗಿಬರಲ್ಲ."

"ಅಕ್ಕ, ಅದಕ್ಕೂ ಮುಂಚೆ ಇಪ್ಪತ್ತೊಂಬತ್ತು ಸೋತಿದಾರೆ. ಅದಕ್ಕೂ ನಾನೇ ಹಾಲು ಹಾಕಿದ್ನಾ?"

"ಯಾರಿಗ್ಗೊತ್ತು, ಆಗೆಲ್ಲ ನೀನು ಎಲ್ಲಿದ್ದೆಯೋ."

ಅವನನ್ನು ಅವನದೇ ಅಡುಗೆಮನೆಗೆ ದಬ್ಬಿ ಚಿಲಕ ಹಾಕಿದರು. ಆಮೇಲೆ ಅವನದೇ ಟಿವಿ ಮುಂದೆ ಕೂತು, ಅವನು ಬೇಯಿಸಿಟ್ಟ ಕುರಿಮಾಂಸದ ಕಡುಬಿಗೆ ಕೈ ಹಾಕಿದರು.

ದಾಶ್‌ಗೆ ಅಳು ಬಂತು. ಕಿಟಕಿಗೆ ಕಟ್ಟಿದ್ದ ಹಿಮ ಕೆರೆದು ನೋಡಿದ. ಎದುರಿನ ಕ್ಷೌರದಂಗಡಿಯ ಗೋಡೆಯ ಮೇಲೆ ದೊಡ್ಡ ಟಿವಿ, ಅದರಲ್ಲಿ ಅದೇ ಪಂದ್ಯ. ಸ್ಟೂಲಿನ ಮೇಲೆ ಹತ್ತಿ ನಿಂತವನು ಒಂದು ನಿಮಿಷವನ್ನೂ ಬಿಡಲಿಲ್ಲ. ಕೊನೆಗೊಂದು ಪೆನಾಲ್ಟಿ. ಇತ್ಗೆಲ್ ಬಲಕ್ಕೆ ಹಾರಿದ, ಚೆಂಡು ಎಡಕ್ಕೆ ಬಂತು, ಹಿಂದೆ ಉಳಿದಿದ್ದ ಅವನ ಕಾಲಿಗೆ ಬಡಿದು ಆಚೆ ಹೋಯಿತು. ಸೊನ್ನೆಗೆ ಸೊನ್ನೆ. ದೇಶದ ಹುಡುಗರು ಮೊದಲ ಬಾರಿಗೆ ಸೋಲದೆ ಉಳಿದಿದ್ದರು. ದಾಶ್ ಟೊಪ್ಪಿಯನ್ನು ಬಾಯಿಗೆ ತುರುಕಿಕೊಂಡು ಕುಣಿದ.

ಪಂದ್ಯ ಮುಗಿದ ಮೇಲೆ ಚಿಲಕ ತೆಗೆದರು. "ಈಗ್ಲಾದ್ರೂ ಗೊತ್ತಾಯ್ತಾ, ಯಾರ ದೆಸೆಯಿಂದ ಸೋಲ್ತಿದ್ರು ಅಂತ?" ಎಂದಳು ತ್ಸೆಂದ್ಮಾ.

ನಾನು ಪೂರ್ತಿ ನೋಡಿದೆ ಎಂದು ಎಲ್ಲರ ಮುಖಕ್ಕೆ ಹೊಡೆದಂತೆ ಹೇಳಲು ದಾಶ್ ಬಾಯಿ ತೆರೆದ. ಅಷ್ಟರಲ್ಲಿ ಮಗನ ಫೋನು ಬಂತು.

"ಅಪ್ಪ, ನಿಮ್ಮನ್ನ ಕೂಡಿ ಹಾಕ್ತೀನಿ ಅಂತ ತ್ಸೆಂದ್ಮಾ ದೊಡ್ಡಮ್ಮ ನಿನ್ನೇನೇ ಫೋನ್ ಮಾಡಿ ಹೇಳಿದ್ರು. ನಾನು ಇಡೀ ತಂಡಕ್ಕೆ ಹೇಳ್ದೆ. ಅದೇ ಧೈರ್ಯದ ಮೇಲೆ ಆಡಿದ್ವಿ. ನೀವು ನೋಡ್ಲಿಲ್ಲ ತಾನೆ?"

ದಾಶ್ ಕಿಟಕಿಯ ಕಡೆ ತಿರುಗಿದ. "ಇಲ್ಲಪ್ಪ. ನೋಡ್ಲಿಲ್ಲ."

"ಬರೋ ವಸಂತದಲ್ಲಿ ನಮ್ಮನೆ ಪಕ್ಕದ ಮೈದಾನದಲ್ಲೇ ಪಂದ್ಯ ಇದೆ. ಆವತ್ತು ದೂರ ಎಲ್ಲಾದ್ರೂ ಹೋಗ್ಬಿಡಿ ಅಪ್ಪ."

ಕಿವಿಗೊಟ್ಟು ನಿಂತಿದ್ದ ತ್ಸೆಂದ್ಮಾ ದಾಶ್‌ನ ಭುಜ ತಟ್ಟಿದಳು. "ಚಿಂತೆ ಮಾಡ್ಬೇಡ. ನಿನ್ನ ಬಸ್ಸಿನ ಹಿಂದೆ ನಾನೇ ಹಾಲು ಹಾಕ್ತೀನಿ. ಮೊದಲ ಸೌಟಿಂದು."