ಕಾಲೊರಸಿನ ಕೆಳಗಿನ ಬೀಗದ ಕೈ: ಒಂದು ಅಧಿಕೃತ ಇತಿಹಾಸ

ನಮ್ಮ ಸ್ಟುಡಿಯೋ ಹಾಸಿಗೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಸ್ಥಾಪನೆಯಾಯಿತು ಮತ್ತು ಇಂದಿಗೂ ಅಲ್ಲಿಯೇ ಇದೆ. ಟಿ.ವಿ.ಗೆ ಜೋಡಿಸುವ ಕನ್ಸೋಲ್ ಯಂತ್ರಗಳಿಗೆ ವಿಡಿಯೋ ಗೇಮ್ ತಯಾರಿಸುವುದು ಸಂಸ್ಥೆಯ ಉದ್ದೇಶ. ಇದುವರೆಗೆ ಸಂಸ್ಥೆ ಒಂದು ಗೇಮ್ ತಯಾರಿಸಿದೆ. ಅದನ್ನು ಇದುವರೆಗೆ ಒಬ್ಬರು ಆಡಿ ಮುಗಿಸಿದ್ದಾರೆ. ಈ ಎರಡೂ ಸಾಧನೆಗಳನ್ನು ದಾಖಲಿಸಿ ಇತಿಹಾಸ ಬರೆಯತಕ್ಕದ್ದೆಂದು ಯಜಮಾನರು ನನಗೆ ಆದೇಶಿಸಿದ್ದಾರೆ.

ನಾನು ಇಲ್ಲಿಗೆ ಸೇರಿದ್ದು ಸಂಭಾಷಣೆ ಬರೆಯಲು. ಗೇಮಿನಲ್ಲಿ ಬರುವ ಅಂಗಡಿಯವಳು, ಸೇತುವೆಯ ಕಾವಲುಗಾರ, ದೋಣಿಯವನು, ಎಲ್ಲರ ಬಾಯಲ್ಲೂ ನನ್ನದೇ ಮಾತು. ಅವರನ್ನು ಯಾರೂ ಭೇಟಿಯಾಗುವ ಸಂಭವವಿಲ್ಲವೆಂದು ಖಚಿತವಾದ ಮೇಲೆ ನನ್ನನ್ನು ಇತಿಹಾಸ ವಿಭಾಗಕ್ಕೆ ವರ್ಗಾಯಿಸಲಾಯಿತು. ಇದರಿಂದ ನನಗೇನೂ ಬೇಸರವಿಲ್ಲ ಎಂದು ಬರೆಯಲು ಸೂಚನೆ ಬಂದಿದೆ. ಬರೆದಿದ್ದೇನೆ.

ಯಜಮಾನರು ಮೊದಲು ಕೆಳಗಿನ ಹಾಸಿಗೆ ಅಂಗಡಿಯನ್ನೇ ನಡೆಸುತ್ತಿದ್ದರು. ಗಿರಾಕಿಗಳು ಬಂದು ಹಾಸಿಗೆಯ ಮೇಲೆ ಹಾಯಾಗಿ ಮಲಗಿ, ಒಂದನ್ನೂ ಕೊಳ್ಳದೆ ಎದ್ದು ಹೋಗುವುದನ್ನು ಅವರು ವರ್ಷಗಟ್ಟಲೆ ನೋಡಿದ್ದರು. ಜನರಿಗೆ ಬೇಕಾದದ್ದು ಹಾಸಿಗೆಯಲ್ಲ, ಅಲುಗಾಡದೆ ಬಿದ್ದಿರಲು ಒಂದು ನೆಪ ಎಂಬುದು ಅವರ ತಲೆಗೆ ಹೊಳೆದ ದಿನವೇ ಮಹಡಿಗೆ ಮೆಟ್ಟಿಲು ಹಾಕಿಸಿದರು. ಗೇಮ್ ಹೇಗೆ ಮಾಡುತ್ತಾರೆಂದು ಅವರಿಗೆ ಗೊತ್ತಿರಲಿಲ್ಲ. ಅದು ಆಡಳಿತಕ್ಕೆ ಎಂದೂ ಅಡ್ಡಿಯಾಗಲಿಲ್ಲ.

ಮೊದಲ ದಿನವೇ ಅವರು ಕುಡಿಯುವ ನೀರಿನ ಕ್ಯಾನಿನ ಮೇಲ್ಗಡೆ ಒಂದು ಫಲಕ ಹಾಕಿಸಿದರು: 'ತಪ್ಪು ಕಂಡವರೇ ತಪ್ಪಿನ ಹೊಣೆ.' ಗೇಮಿನಲ್ಲಿ ಯಾರಿಗೆ ದೋಷ ಕಾಣುತ್ತದೋ ಅವರೇ ಅದನ್ನು ಕೆಲಸದ ವೇಳೆ ಮುಗಿದ ಮೇಲೆ ಸರಿಪಡಿಸಬೇಕು. ದೋಷ ಹೇಗಾಯಿತೆಂದು ವಿವರಣೆಯನ್ನೂ ಅವರೇ ಕೊಡಬೇಕು. ಈ ನಿಯಮ ಜಾರಿಗೆ ಬಂದ ಮೇಲೆ ನಮ್ಮಲ್ಲಿ ದೋಷಗಳು ಪವಾಡ ನಡೆದ ಹಾಗೆ ಕಡಿಮೆಯಾದವು.

ಗೇಮಿನ ಕತೆ ಸರಳ. ನಾಯಕ ಒಂದು ಕೋಣೆಯಲ್ಲಿ ಕಣ್ಣು ಬಿಡುತ್ತಾನೆ. ಬಾಗಿಲಿಗೆ ಬೀಗ ಬಿದ್ದಿದೆ. ಬೀಗದ ಕೈ ಹುಡುಕಿ ಹೊರಬಂದು, ಊರು, ಸೇತುವೆ, ಕಾಡು ದಾಟಿ, ದೋಣಿಯವನನ್ನು ಮಾತಾಡಿಸಿ, ಕೊನೆಗೆ ಸಮುದ್ರದ ಮುಂದೆ ನಿಲ್ಲಬೇಕು. ಅಲ್ಲಿಗೆ ಮುಗಿಯಿತು.

ಆ ಸಮುದ್ರವನ್ನು ಬರೆದವಳು ಚಿತ್ರ ವಿಭಾಗದ ಹಿರಿಯಳು. ನಾವು ಅವಳನ್ನು ಸಮುದ್ರದಕ್ಕ ಅನ್ನುತ್ತೇವೆ. ಕಿಟಕಿ ಪಕ್ಕದ ಮೇಜಿನಲ್ಲಿ ಕುಳಿತು, ಊಟದ ಡಬ್ಬಿ ತೆರೆದಿಟ್ಟು ಮರೆತು, ವರ್ಷಗಟ್ಟಲೆ ಒಂದೇ ಅಲೆಯನ್ನು ಅಳಿಸಿ ಅಳಿಸಿ ಬರೆದಳು. ಅವಳ ಅಪ್ಪ ಬಂದರಿನಲ್ಲಿ ದೋಣಿಗಳ ಮೇಲೆ ನಂಬರ್ ಬರೆಯುತ್ತಿದ್ದವರು. ಚಿಕ್ಕವಳಿದ್ದಾಗ ಅವರ ಪಕ್ಕದಲ್ಲಿ ಬಣ್ಣದ ಡಬ್ಬ ಹಿಡಿದು ಕೂರುತ್ತಿದ್ದಳಂತೆ. ಈಗ ಅವರ ಮಂಡಿ ಕೈಕೊಟ್ಟಿದೆ. ಮೂರನೆಯ ಮಹಡಿಯ ಮನೆಯಿಂದ ಕೆಳಗಿಳಿದು ಎಷ್ಟು ಕಾಲವಾಯಿತೋ. ಕುರ್ಚಿಯಿಂದ ಏಳದೆಯೇ ನಿನಗೆ ಸಮುದ್ರ ತೋರಿಸುತ್ತೇನೆ ಎಂದು ಅವಳು ಅಪ್ಪನಿಗೆ ಮಾತು ಕೊಟ್ಟಿದ್ದಳು. ಅವಳಿಗೆ ಬೇಕಾದದ್ದು ಅಷ್ಟೇ. ಸಂಸ್ಥೆಯ ಗುರಿಗಳಲ್ಲಿ ಅದು ಇರಲಿಲ್ಲ.

ಈಗ ಬೀಗದ ಕೈಯ ವಿಷಯ. ಅದನ್ನು ಎಲ್ಲಿಡಬೇಕೆಂದು ಕೋಡ್ ಬರೆಯುವಾತ ಮೆಟ್ಟಿಲ ಮೇಲೆ ಯಜಮಾನರನ್ನು ತಡೆದು ಕೇಳಿದ. ಅವರ ಕಿವಿಯಲ್ಲಿ ಫೋನಿತ್ತು.

"ಅದನ್ನೂ ನಾನೇ ಹೇಳ್ಬೇಕಾ? ಎಲ್ಲರೂ ಎಲ್ಲಿಡ್ತಾರೋ ಅಲ್ಲಿಡು. ಕಾಲೊರಸಿನ ಕೆಳಗೆ."

ಆತ ಹಾಗೆಯೇ ಮಾಡಿದ. ಕಾಲೊರಸು ಬಾಗಿಲ ಹೊರಗಿತ್ತು, ಏಕೆಂದರೆ ಕಾಲೊರಸುಗಳು ಇರುವುದೇ ಬಾಗಿಲ ಹೊರಗೆ. ನಾಯಕ ಒಳಗಿದ್ದ. ಒಳಗಿನಿಂದ ಬಾಗಿಲು ತೆರೆಯಲು ಬೇಕಾದ ಬೀಗದ ಕೈ ಬಾಗಿಲು ತೆರೆದ ಮೇಲಷ್ಟೇ ಸಿಗುವಂತಾಯಿತು. ಇದು ಎಲ್ಲರಿಗೂ ಗೊತ್ತಾಯಿತು, ಯಾರಿಗೂ ಕಾಣಲಿಲ್ಲ. ಗೇಮನ್ನು ಆಡಿ ದೋಷ ಹುಡುಕುವುದಕ್ಕೆಂದೇ ಸಂಬಳ ಪಡೆಯುವ ಪರೀಕ್ಷಕರು ವಾರಗಟ್ಟಲೆ ಕೋಣೆಯಲ್ಲೇ ಸುತ್ತಾಡಿ, ಕೋಣೆಯಾಚೆ ಒಂದೂ ದೋಷ ತಮ್ಮ ಗಮನಕ್ಕೆ ಬಂದಿಲ್ಲವೆಂದು ವರದಿ ಕೊಟ್ಟರು.

ಕಡೆಗೆ ಸಮುದ್ರದಕ್ಕನೇ ಸಭೆಯಲ್ಲಿ ಎದ್ದು ನಿಂತಳು. ಬೀಗದ ಕೈ ಹೊರಗಿದೆ, ಆಡುವವರು ಸಮುದ್ರದ ತನಕ ಬರುವುದಿರಲಿ, ಬಾಗಿಲೇ ದಾಟಲಾರರು ಎಂದಳು. ಎಲ್ಲರೂ ತಂತಮ್ಮ ಪೆನ್ನುಗಳನ್ನು ನೋಡಿಕೊಂಡರು. ಇದು ನಿಮಗೆ ಸ್ವಂತ ಕಂಡದ್ದೋ, ಯಾರಾದರೂ ಹೇಳಿದ್ದೋ ಎಂದು ಯಜಮಾನರು ವಿಚಾರಿಸಿದರು. ಸ್ವಂತ ಕಂಡದ್ದು ಎಂದಳು. ದೋಷ ಅವಳದಾಯಿತು.

ಆದರೆ ಚಿತ್ರ ವಿಭಾಗದವರು ಕೋಡ್ ಮುಟ್ಟತಕ್ಕದ್ದಲ್ಲ ಎಂಬ ನಿಯಮವೂ ಇತ್ತು. ಆದ್ದರಿಂದ ತನ್ನ ಕೈಲಾದದ್ದನ್ನು ಅವಳು ಮಾಡಿದಳು: ಕಾಲೊರಸಿನ ಚಿತ್ರವನ್ನು ಬಾಗಿಲ ಒಳಗಡೆ ತಂದು ಹಾಸಿದಳು. ಕಾಲೊರಸು ಒಳಗೆ ಬಂದಮೇಲೆ ಯಾರಾದರೂ ಬೀಗದ ಕೈಯನ್ನೂ ಅದರ ಕೆಳಗೆ ಸರಿಸಿಯಾರು ಎಂಬ ಆಸೆ ಅವಳಿಗೆ. ಯಜಮಾನರು ನೋಡಿ ನಕ್ಕರು.

"ಅಲ್ಲಮ್ಮ, ಒಳಗಡೆ ಯಾರಾದ್ರೂ ಕಾಲೊರಸು ಹಾಕ್ತಾರಾ? ನೋಡಿದವರು ಏನಂದುಕೊಳ್ತಾರೆ ನಮ್ಮನ್ನ?"

ಕಾಲೊರಸನ್ನು ಗೌರವಪೂರ್ವಕವಾಗಿ ಹೊರಗೆ ಹಾಕಲಾಯಿತು.

ಗೇಮ್ ಮಾರುಕಟ್ಟೆಗೆ ಹೋಯಿತು. ಪ್ರಚಾರ ಯಜಮಾನರ ಭಾವಮೈದನ ಕೈಯಲ್ಲಿತ್ತು. ಬೇರಾವ ಕೆಲಸವೂ ಆತನಿಗೆ ಹಿಡಿಸದ ಕಾರಣ ಪ್ರಚಾರ ಹಿಡಿಸಿತ್ತು. ಮೊದಲ ದೂರುಗಳು ಬಂದಾಗ ನಾವೆಲ್ಲ ನೀರಿನ ಕ್ಯಾನಿನ ಮೇಲಿನ ಫಲಕದ ಕಡೆ ನೋಡಿದೆವು. ಆತ ಮಾತ್ರ ಪ್ರಕಟಣೆ ಹೊರಡಿಸಿದ: 'ನಮ್ಮ ಗೇಮಿನ ಬಾಗಿಲು ಯೋಗ್ಯರಿಗೆ ಮಾತ್ರ ತೆರೆಯುತ್ತದೆ. ತಮಗೆ ತೆರೆಯಲಿಲ್ಲವೆಂದು ದೂರುವವರು ತಮ್ಮ ಹೆಸರು, ವಿಳಾಸ ತಿಳಿಸತಕ್ಕದ್ದು. ಪ್ರಕಟಿಸಲಾಗುವುದು.' ದೂರುಗಳು ನಿಂತವು. ನಾನು ಬಾಗಿಲಾಚೆ ಹೋಗಿ ಬಂದೆ ಎನ್ನುವವರು ಹುಟ್ಟಿಕೊಂಡರು. ಅಲ್ಲಿ ಘಟಸರ್ಪವಿದೆ ಎಂದೊಬ್ಬರು, ಅದನ್ನು ಕೊಂದದ್ದು ತಾವೇ ಎಂದು ಇನ್ನೊಬ್ಬರು. ಪತ್ರಿಕೆಯ ವಿಮರ್ಶಕರು ಕೋಣೆಯಲ್ಲಿನ ಕುರ್ಚಿಯ ಬಗ್ಗೆ ಇಡೀ ಪುಟ ಬರೆದರು. ಗೇಮಿಗೆ ಪ್ರಶಸ್ತಿ ಬಂತು. ತೀರ್ಪುಗಾರರು ಅಂತ್ಯವನ್ನು ವಿಶೇಷವಾಗಿ ಮೆಚ್ಚಿದ್ದರು.

ಸಮುದ್ರದಕ್ಕನ ಅಪ್ಪನೂ ಆಡುತ್ತಿದ್ದರು. ಸಂಜೆ ಅವಳು ಮನೆಗೆ ಹೋದಾಗೆಲ್ಲ, ಕೋಣೆ ಚೆನ್ನಾಗಿದೆ ಮಗಳೇ, ನಿನ್ನ ಸಮುದ್ರ ಯಾವಾಗ ಬರುತ್ತೆ ಎಂದು ಕೇಳುತ್ತಿದ್ದರಂತೆ. ಬರುತ್ತೆ ಅಪ್ಪ ಎನ್ನುತ್ತಿದ್ದಳು. ಇದನ್ನು ಹೇಳುವಾಗ ಅವಳ ಮುಖ ನೋಡಲು ನನ್ನಿಂದಾಗಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಆ ಹಿರಿಯರು ಗೇಮಿನ ರಿಮೋಟನ್ನು ಕುರ್ಚಿಯ ಮೇಲಿಟ್ಟು ಕನ್ನಡಕ ತರಲು ಎದ್ದರು. ವಾಪಸು ಬಂದು, ಮರೆತು, ಅದರ ಮೇಲೆಯೇ ಕುಳಿತು, ಅಲ್ಲೇ ತೂಕಡಿಸಿದರು. ಗುಂಡಿ ಒತ್ತಿಕೊಂಡೇ ಇತ್ತು. ನಾಯಕ ಬೀರುವಿನ ಹಿಂದಿನ ಮೂಲೆಗೆ ತಲೆ ತಾಗಿಸಿ ತಳ್ಳಿದ, ತಳ್ಳಿದ, ತಳ್ಳುತ್ತಲೇ ಇದ್ದ. ಗೋಡೆ ಅಲ್ಲಿ ಸರಿಯಾಗಿ ಕೂಡಿರಲಿಲ್ಲ. ಹಿರಿಯರು ಕಣ್ಣು ಬಿಟ್ಟಾಗ ನಾಯಕ ಆ ಸಂದಿನಲ್ಲಿ ನುಸುಳಿ ಹೊರಗೆ, ಕಾಲೊರಸಿನ ಮೇಲೆ ನಿಂತಿದ್ದ. ಬೀಗದ ಕೈ ಎತ್ತಿಕೊಳ್ಳುವ ಗೋಜಿಗೆ ಹೋಗದೆ ಅವರು ನೇರ ನಡೆದರು, ಊರು, ಸೇತುವೆ, ಕಾಡು ದಾಟಿ.

ಸಮುದ್ರ ಕಂಡ ಖುಷಿಗೆ, ಮಗಳು ಮನೆಗೆ ಬರುವ ತನಕ ತಡೆಯಲಾರದೆ, ಗೇಮಿನ ಡಬ್ಬದ ಮೇಲಿದ್ದ ನಂಬರಿಗೆ ಫೋನ್ ಮಾಡಿದರು. ಅದು ದೂರು ವಿಭಾಗ. ಅಲ್ಲಿ ಹೊಗಳಿಕೆ ಬರೆದುಕೊಳ್ಳಲು ವ್ಯವಸ್ಥೆಯಿಲ್ಲ, ಅಲ್ಲಿಯ ತನಕ ಬೇಕಾಗಿರಲಿಲ್ಲ.

"ದೂರೇನಿಲ್ಲಪ್ಪ. ಸಮುದ್ರ ಸಿಕ್ತು ಅಂತ ಹೇಳೋಣ ಅಂತ ಮಾಡಿದೆ. ನಮ್ಮ ಬಂದರಿನ ನೀರೇ ಅದು, ಸಂಜೆ ಹೊತ್ತಿಂದು. ಬರೆದವಳು ನನ್ನ ಮಗಳು."

ಫೋನೆತ್ತಿದಾತ ಹೀಗೆ ಬರೆದುಕೊಂಡ: 'ಕೋಣೆಯ ಹೊರಗೆ ನೀರು ನಿಂತಿದೆ. ಕಾರಣ: ಗ್ರಾಹಕರ ಮಗಳು.' ಕರೆಯ ಧ್ವನಿಮುದ್ರಿಕೆಯನ್ನು ನಾನು ಕೇಳಿದ್ದೇನೆ. ಅದರಲ್ಲಿ ಹಿರಿಯರು, ದಾರಿಯಲ್ಲಿ ಒಬ್ಬ ದೋಣಿಯವನು ಸಿಗುತ್ತಾನೆ, ಸ್ವಲ್ಪ ಮಾತು ಜಾಸ್ತಿ ಎಂದೂ ಹೇಳಿದ್ದಾರೆ. ನನ್ನ ಬರವಣಿಗೆಗೆ ಇದುವರೆಗೆ ಬಂದಿರುವ ಏಕೈಕ ವಿಮರ್ಶೆ ಅದು. ಎರಡು ಸಲ ಕೇಳಿದೆ.

ತುರ್ತು ಸಭೆ ಸೇರಿತು. ಬಾಗಿಲಾಚೆ ಘಟಸರ್ಪವಿಲ್ಲ, ಬರೀ ನೀರಿದೆ ಎಂದು ಗೊತ್ತಾದರೆ ಯೋಗ್ಯರ ಗತಿಯೇನು ಎಂದು ಭಾವಮೈದ ಕಳವಳಪಟ್ಟ. ತಪ್ಪು ಕಂಡವರೇ ಹೊಣೆ. ಕಂಡವರು ಸಂಸ್ಥೆಯ ನೌಕರರಲ್ಲದ ಕಾರಣ ಹೊಣೆ ಅವರ ಸಮೀಪದ ಬಂಧುವಿಗೆ ವರ್ಗವಾಗುತ್ತದೆಂದು ಸ್ಥಳದಲ್ಲೇ ನಿಯಮ ಮಾಡಲಾಯಿತು. ಮೂಲೆ ಮುಚ್ಚಲು ಬೀರುವನ್ನು ಕೊಂಚ ಅಗಲ ಮಾಡಿದರೆ ಸಾಕು, ಅದು ಚಿತ್ರ ವಿಭಾಗದ ಕೆಲಸವೇ ಎಂದು ಕೋಡ್ ಬರೆಯುವಾತ ನೆಲ ನೋಡುತ್ತಾ ಹೇಳಿದ.

ಸಮುದ್ರದಕ್ಕ ಬೀರುವನ್ನು ಅಗಲ ಮಾಡಿದಳು. ನಾನು ಪಕ್ಕದಲ್ಲಿದ್ದೆ. ಅವಳು ಅಳಲಿಲ್ಲ, ಬೀರುವಿನ ಬಾಗಿಲಿಗೆ ಒಳ್ಳೆಯ ಹಿಡಿಕೆಯನ್ನೂ ಬರೆದಳು. ನನಗೆ ಮಾತ್ರ ಯಾರನ್ನಾದರೂ ಹಿಡಿದು ಹೊಡೆಯಬೇಕೆನ್ನಿಸಿತು. ತಿದ್ದುಪಡಿ ಎಲ್ಲ ಯಂತ್ರಗಳಿಗೂ ರವಾನೆಯಾಯಿತು. ಯಂತ್ರವನ್ನು ಒಮ್ಮೆ ಆರಿಸಿ ಮತ್ತೆ ಹಾಕಿದರೆ ಅದು ಜಾರಿಗೆ ಬರುತ್ತದೆ, ನಾಯಕ ಕೋಣೆಗೆ ಮರಳುತ್ತಾನೆ.

ಹಿರಿಯರು ಯಂತ್ರವನ್ನು ಆರಿಸಿಲ್ಲ. ಹಾಗೆ ಹೇಳಿಕೊಟ್ಟವರು ಯಾರೆಂದು ತನಿಖೆಯಾಗಿಲ್ಲ. ಸ್ವಿಚ್ಚಿಗೆ ಬಟ್ಟೆ ಸುತ್ತಿ ಹಗ್ಗ ಕಟ್ಟಿದ್ದಾರಂತೆ. ಟಿ.ವಿ.ಯಲ್ಲಿ ಸಂಜೆಯ ಸಮುದ್ರ ಹಾಗೆಯೇ ಇದೆಯಂತೆ.

ಗೇಮನ್ನು ಇಷ್ಟು ದೀರ್ಘಕಾಲ ಎಡೆಬಿಡದೆ ಆಡುತ್ತಿರುವ ಗ್ರಾಹಕರು ಇನ್ನೊಬ್ಬರಿಲ್ಲವೆಂದು ಭಾವಮೈದನ ಗಮನಕ್ಕೆ ಬಂದು, ಅವರಿಗೆ ಸಂಸ್ಥೆಯ ವತಿಯಿಂದ ಬಹುಮಾನ ಕಳಿಸಲಾಯಿತು. ಗೇಮಿನಲ್ಲಿರುವಂಥದ್ದೇ ಒಂದು ಕಾಲೊರಸು. ಜೊತೆಗೆ ಹಿತ್ತಾಳೆಯ ಬೀಗದ ಕೈ. ಹಿರಿಯರು ಫೋಟೋ ತೆಗೆಸಿ ಕಳಿಸಿದರು. ಸಭೆಯಲ್ಲಿ ಎಲ್ಲರೂ ನೋಡಿದೆವು. ಕಾಲೊರಸನ್ನು ಬಾಗಿಲ ಒಳಗಡೆ ಹಾಸಿ, ಬೀಗದ ಕೈಯನ್ನು ಅದರ ಕೆಳಗಿಟ್ಟಿದ್ದರು.

ಯಜಮಾನರು ಬಹಳ ಹೊತ್ತು ನೋಡಿ, ಮರುಕದಿಂದ ತಲೆಯಾಡಿಸಿದರು.

"ಪಾಪ, ವಯಸ್ಸಾಯ್ತು. ಎಲ್ಲಿ ಹಾಕ್ಬೇಕು ಅಂತ ಗೊತ್ತಾಗಿಲ್ಲ."

ಹೌದು ಪಾಪ, ಎಂದೆವು ಎಲ್ಲರೂ. ಸಮುದ್ರದಕ್ಕನೂ ಹೌದು ಎಂದಳು. ಎಲ್ಲಿ ಹಾಕಬೇಕೆಂದು ವಿವರಿಸುವ ಒಂದು ಸೂಚನಾ ಪತ್ರವನ್ನು ಇನ್ನು ಮುಂದೆ ಪ್ರತಿ ಕಾಲೊರಸಿನೊಂದಿಗೆ ಕಳಿಸತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಅದನ್ನು ಬರೆಯುವ ಕೆಲಸ ನನಗೆ ಬಂದಿದೆ. ಆದ್ದರಿಂದ ಇತಿಹಾಸವನ್ನು ಇಲ್ಲಿಗೆ ನಿಲ್ಲಿಸಿದ್ದೇನೆ.