ಎಂಟರಂತೆ ನಿಂತ ನಾಲ್ಕಿಗೆ

ಟಾಲಿಗಂಜ್, ಕಲ್ಕತ್ತಾ
ಜುಲೈ ೨೦, ೧೯೭೦

ಮಾನ್ಯರೇ,

ಬಂಗಾಳಿ ಅಂಕಿಗಳ ಸಾಲಿನಲ್ಲಿ ಮೂರರ ನಂತರ, ಐದಕ್ಕೆ ಮುಂಚೆ ಬಹುಕಾಲದಿಂದ ಆಸೀನರಾಗಿರುವ, ಸೊನ್ನೆಯ ಮೇಲೆ ಸೊನ್ನೆ ಕೂರಿಸಿದ ಹಾಗೆ ದುಂಡಗಿರುವ, ಆದ್ದರಿಂದಲೇ ಇಂಗ್ಲಿಷಿನ ಎಂಟನ್ನು ಅಚ್ಚಾಗಿ ಹೋಲುವ ಬಂಗಾಳಿ ನಾಲ್ಕು ಎಂಬ ತಮ್ಮ ಸನ್ನಿಧಾನಕ್ಕೆ ಉಡುಪಿ ಕಡೆಯ ಜಯಕರನ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ಡಮ್ ಡಮ್‌ನ ಗುದಾಮಿನ ಬಾಗಿಲ ಮೇಲೆ ತಾವೇ ಇಬ್ಬರಾಗಿ ಅಕ್ಕಪಕ್ಕ ನಿಂತು ನಲವತ್ತನಾಲ್ಕಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ನಾನು ಮಾತ್ರ ಕ್ಷೇಮವಾಗಿಲ್ಲ.

ಚಾರ್ಟರ್ಡ್ ಅಕೌಂಟೆಂಟ್ ಆಗುವುದು ಹೇಗೆಂದು ತಮಗೆ ತಿಳಿದಿರಲಾರದು. ಆ ದಾರಿ ಹಿಡಿದವನು ಹಿರಿಯ ಅಕೌಂಟೆಂಟರೊಬ್ಬರ ಕೈಕೆಳಗೆ ಆರ್ಟಿಕಲ್ಡ್ ಕ್ಲರ್ಕ್ ಎಂಬ ಹೆಸರಿನಲ್ಲಿ ಮೂರು ವರ್ಷ ದುಡಿಯಬೇಕು; ದುಡಿಯುವವನೇ ಅವರಿಗೆ ಪ್ರೀಮಿಯಂ ಎಂದು ಹಣ ಕಟ್ಟುವುದು ಈ ವಿದ್ಯೆಯ ಮೊದಲ ಪಾಠ. ಮೊದಲನೆಯ ವರ್ಷ ನಾನು ಲೆಕ್ಕ ಸರಿಯೆಂದು ಗುರುತು ಹಾಕುವ ಹಸಿರು ಪೆನ್ಸಿಲ್ ಹೆರೆಯುವುದನ್ನು ಕಲಿತೆ. ಎರಡನೆಯ ವರ್ಷ ಗುರುಗಳಾದ ಭವತೋಷ ಸಾನ್ಯಾಲ್ ಬಾಬುಗಳ ಚರ್ಮದ ಚೀಲವನ್ನು ಟ್ರಾಮಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂರುವ ಅಧಿಕಾರ ದೊರೆಯಿತು. ಮೂರನೆಯ ವರ್ಷ ಅದನ್ನು ತೆರೆಯುವ ಅಧಿಕಾರವೂ ದೊರೆತು, ಇನ್ನೇನು ಅವರು ನನ್ನ ಕಲಿಕೆ ಮುಗಿಯಿತೆಂದು ಒಂದು ಸಹಿ ಹಾಕಿದರೆ ನವೆಂಬರಿನ ಕೊನೆಯ ಪರೀಕ್ಷೆಗೆ ಕೂರುವವನಿದ್ದೆ. ಅಷ್ಟರಲ್ಲಿ ತಾವು ಎದುರಾದಿರಿ.

ಜೂನ್ ಮೂವತ್ತರಂದು, ನಾವು ಆಡಿಟ್ ಮಾಡುವ ಕಂಪನಿಯ ಲೆಕ್ಕದ ವರ್ಷ ಮುಗಿಯುವ ದಿನ, ಅದರ ಆ ಗುದಾಮಿನಲ್ಲಿ ಗೋಣಿಚೀಲದ ಬೇಲುಗಳನ್ನು, ಅಂದರೆ ಬಿಗಿದ ದೊಡ್ಡ ಕಟ್ಟುಗಳನ್ನು, ಎಣಿಸಿ ಬರಲು ನನ್ನನ್ನು ಒಬ್ಬನನ್ನೇ ಕಳಿಸಿದ್ದರು. ಗುದಾಮಿನ ಗುಮಾಸ್ತ ಹಾಲ್ದಾರ್ ಬಾಬು ಎಂಥ ಸಜ್ಜನರೆಂದರೆ, ಒಳಗೆ ಬರೀ ಧೂಳು, ಆಡಿಟ್ ಬಾಬುಗಳ ಬಿಳಿ ಅಂಗಿ ಹಾಳಾದೀತು ಎಂದು ಮರುಗಿ, ಬಾಗಿಲಲ್ಲೇ ಕುರ್ಚಿ ಹಾಕಿಸಿ, ಮಣ್ಣಿನ ಕುಡಿಕೆಯಲ್ಲಿ ಚಹಾವನ್ನೂ ಎಲೆಯ ಮೇಲೆ ಸಂದೇಶ್ ಎಂಬ ಇಲ್ಲಿಯ ಎರಡು ಸಿಹಿತಿಂಡಿಯನ್ನೂ ಇಟ್ಟರು. ಒಳಗಿನ ಬೇಲುಗಳ ಸಂಖ್ಯೆ ಬರೆಯುವ ಬಾಗಿಲ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ತಾವಿದ್ದಿರಿ. ನಾನು ತಮ್ಮನ್ನು ನೋಡಿ, ಎಂಬತ್ತೆಂಟು ಎಂದು ಬರೆದು, ಹಸಿರು ಪೆನ್ಸಿಲಿನಿಂದ ಚೆಂದದ ಒಂದು ಗುರುತು ಹಾಕಿದೆ. ಮೂರು ವರ್ಷದ ವಿದ್ಯೆ ಅದೊಂದು ಗುರುತಿನಲ್ಲಿ ಎದ್ದು ಕಾಣುತ್ತಿತ್ತು.

ಕಂಪನಿಯ ಲೆಕ್ಕದಲ್ಲಿ ನಲವತ್ತನಾಲ್ಕೇ ಇದ್ದುದರಿಂದ, ಒಂದು ಕುಡಿಕೆ ಚಹಾ ಮುಗಿಸುವುದರೊಳಗೆ ಇನ್ನೂ ನಲವತ್ತನಾಲ್ಕು ಬೇಲುಗಳನ್ನು ಸೃಷ್ಟಿಸಿದವನೆಂದು ಕಚೇರಿಯಲ್ಲಿ ನನಗೆ ಹೆಸರಾಯಿತು. ಸಾನ್ಯಾಲ್ ಬಾಬುಗಳು ಗದರಲಿಲ್ಲ. ಎಣಿಸಿದ್ದೋ, ಓದಿದ್ದೋ ಎಂದಷ್ಟೇ ಕೇಳಿದರು. ಓದಿದ್ದು ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿ, ನನ್ನ ಅರ್ಜಿಯನ್ನು ಮೇಜಿನ ಖಾನೆಯೊಳಗಿಟ್ಟು, ನಾಳೆ ಹೋಗಿ ಎಣಿಸಿಕೊಂಡು ಬಾ, ಸಹಿಯ ಮಾತು ಆಮೇಲೆ ಎಂದರು. ಅರ್ಜಿಗೆ ಶುಕ್ರವಾರ ಕೊನೆಯ ದಿನ.

ಇದರಲ್ಲಿ ನಷ್ಟ ನನ್ನೊಬ್ಬನದೇ ಆಗಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ಟಾಲಿಗಂಜಿನಲ್ಲಿ ತಿಂಡಿಯ ಹೋಟೆಲು ನಡೆಸುವ ನನ್ನ ಸೋದರಮಾವ ವೆಂಕಪ್ಪನವರು ಗ್ರೈಂಡರಿಗೆಂದು ಕೂಡಿಟ್ಟ ದುಡ್ಡನ್ನೇ ನನ್ನ ಪ್ರೀಮಿಯಂಗೆ ಕೊಟ್ಟರು. ಅಂದಿನಿಂದ ಅಂಬುಜಾ ಅತ್ತೆ ದೋಸೆಗೂ ಇಡ್ಲಿಗೂ ಒರಳಿನಲ್ಲಿ ಕೈಯಿಂದಲೇ ರುಬ್ಬುತ್ತಿದ್ದಾರೆ. ನಾನು ಪಾಸಾಗಿ ದುಡಿಯತೊಡಗಿದ ಮೇಲೆ ಮೊದಲು ಬರುವುದು ಗ್ರೈಂಡರ್ ಎಂದು ಮನೆಯಲ್ಲಿ ಮಾತಾಗಿದೆ. ನವೆಂಬರ್ ತಪ್ಪಿದರೆ ಪರೀಕ್ಷೆ ಮೇ ತಿಂಗಳಿಗೆ ಹೋಗುತ್ತದೆ, ಅಂದರೆ ಅತ್ತೆಯ ತೋಳಿಗೆ ಇನ್ನೂ ಆರು ತಿಂಗಳ ಉದ್ದಿನಬೇಳೆ. ಇದನ್ನು ಬರೆಯುವಾಗಲೂ ಹಿತ್ತಲಿನಿಂದ ಒರಳಿನ ಸದ್ದು ಕೇಳುತ್ತಿದೆ, ನನಗೆ ನಾಚಿಕೆಯಾಗುತ್ತಿದೆ.

ಅತ್ತೆ ಶಾಲೆ ಕಂಡವರಲ್ಲ. ಸಂಗತಿ ತಿಳಿದ ಮೇಲೆ ಅವರು ಕೈಯ ಹಿಟ್ಟನ್ನೂ ತೊಳೆಯದೆ ಬಂದು ಹಲಗೆಯ ಮೇಲಿದ್ದಂತೆಯೇ ನಾನು ಕಾಗದದಲ್ಲಿ ಬಿಡಿಸಿದ್ದ ತಮ್ಮ ಚಿತ್ರ ನೋಡಿ, "ಇದು ನಾಲ್ಕಲ್ವಾ ಮಾರಾಯ? ನಾನು ದಿನಾ ಬಜಾರಿನಲ್ಲಿ ನೋಡ್ತೇನೆ. ನೀನು ಕೇಳಿದ್ರೆ ಹೇಳ್ತಿರ್ಲಿಲ್ವಾ?" ಎಂದರು. ಬಿ.ಕಾಂ. ಪದವೀಧರನೂ ವಾಣಿಜ್ಯ ಕಾನೂನಿನಲ್ಲಿ ಅರವತ್ತೆಂಟು ಅಂಕ ಗಳಿಸಿದವನೂ ಆದ ನಾನು ಹಸಿರು ಪೆನ್ಸಿಲ್ ಹೆರೆಯತೊಡಗಿದೆ.

ಆದಕಾರಣ ತಮ್ಮಲ್ಲಿ ಸವಿನಯ ಪ್ರಾರ್ಥನೆ. ನಮ್ಮ ಕನ್ನಡದ ನಾಲ್ಕನ್ನು ನೋಡಿ: ಅದು ಸದಾ ಮೇಲ್ಗಡೆ ಬಾಯಿ ತೆರೆದುಕೊಂಡಿರುತ್ತದೆ, ಮೋಸವಿಲ್ಲದ ಪ್ರಾಣಿ. ತಾವೂ ವರ್ಷಕ್ಕೊಮ್ಮೆ, ಜೂನ್ ಮೂವತ್ತರಂದು, ಹೊರನಾಡಿನಿಂದ ಬಂದ ಆರ್ಟಿಕಲ್ಡ್ ಕ್ಲರ್ಕುಗಳ ಎದುರಿಗೆ ಮಾತ್ರ, ಹಾಗೆ ಬಾಯಿ ತೆರೆಯಬೇಕು. ಸಾಧ್ಯವಿಲ್ಲವಾದರೆ ತಾವು ಎಂಟಲ್ಲವೆಂಬ ಸಣ್ಣ ಫಲಕವೊಂದನ್ನು ಕೊರಳಿಗೆ ಹಾಕಿಕೊಳ್ಳಬೇಕು. ಅದೂ ತಮ್ಮ ಘನತೆಗೆ ಕುಂದೆನಿಸಿದರೆ, ನಾಳೆ ನಾನು ಎಣಿಸಲು ಹೋಗುವುದರೊಳಗೆ ದಯಮಾಡಿ ಎಂಟೇ ಆಗಿಬಿಡಬೇಕು. ಮೂರು ವರ್ಷ ನಾನು ಕಲಿಯದ್ದನ್ನು ಒಂದು ಮಧ್ಯಾಹ್ನದಲ್ಲಿ, ಪ್ರೀಮಿಯಂ ಕೂಡ ಪಡೆಯದೆ ಕಲಿಸಿದ ತಮ್ಮಂತಹ ಗುರುಗಳಿಗೆ ಇದೇನು ದೊಡ್ಡ ಕೆಲಸವಲ್ಲ.

ತಮ್ಮನ್ನು ಇನ್ನು ಮುಂದೆ ದೂರದಿಂದಲೇ ಗುರುತಿಸುವ,
ತಮ್ಮ ವಿಶ್ವಾಸಿ,
ಜಯಕರ

ತಾ.ಕ.: ಇದನ್ನು ಇಲ್ಲಿಯ ಕನ್ನಡ ಸಂಘದ ಗೋಡೆಪತ್ರಿಕೆಗೆ ಅಂಟಿಸುವ ಮೊದಲು ಎರಡು ಮಾತು ಸೇರಿಸಬೇಕಾಗಿದೆ. ಕೂಲಿಗಳ ಮುಷ್ಕರದಿಂದಾಗಿ ಗುದಾಮಿನಲ್ಲಿ ಜೂನ್ ಮೂವತ್ತರಿಂದ ಒಂದು ಬೇಲೂ ಅಲುಗಿರಲಿಲ್ಲ. ನಾನು ಎಣಿಸಲು ಹೋದಾಗ ಹಾಲ್ದಾರ್ ಬಾಬು ಮತ್ತೆ ಕುರ್ಚಿ ಹಾಕಿಸಿದರು, ನಾನು ಕೂರಲಿಲ್ಲ. ಒಳಗೆ ಹೋಗಿ, ಒಂದೊಂದು ಬೇಲನ್ನೂ ಕೈಯಿಂದ ಮುಟ್ಟಿ, ಮೂರು ಸಲ ಎಣಿಸಿದೆ. ಮೂರು ಸಲವೂ ನಲವತ್ತಮೂರೇ, ಕಂಪನಿಯ ಲೆಕ್ಕಕ್ಕಿಂತ ಒಂದು ಕಡಿಮೆ. ಸಾನ್ಯಾಲ್ ಬಾಬುಗಳು ಅದೇ ಪ್ರಶ್ನೆ ಕೇಳಿದರು. ಎಣಿಸಿದೆ ಎಂದೆ. ಅವರು ಧೂಳಾದ ನನ್ನ ಅಂಗಿಯನ್ನೊಮ್ಮೆ ನೋಡಿ, ಪೆನ್ನಿನ ಮುಚ್ಚಳ ತೆಗೆದು ಅರ್ಜಿಗೆ ಸಹಿ ಹಾಕಿದರು. ಹಲಗೆಯ ಮೇಲೆ ಎಡಕ್ಕೆ ನಿಂತ ತಮ್ಮಲ್ಲಿ ನಾನು ಕ್ಷಮೆ ಯಾಚಿಸುತ್ತೇನೆ. ಬಲಕ್ಕೆ ನಿಂತವರು ಮಾತ್ರ ನನ್ನ ಕಾಗದದಲ್ಲಿ ಎಂಟಾಗಿದ್ದಿರಿ, ಗುದಾಮಿನ ಒಳಗೆ ಮೂರಾಗಿದ್ದೀರಿ. ನಾಲ್ಕಾಗಿದ್ದುದು ಯಾವಾಗ ಎಂಬುದನ್ನು ಗುರುವಾರ ಹತ್ತು ಗಂಟೆಗೆ ನಮ್ಮ ಕಚೇರಿಗೆ ಬಂದು ಲಿಖಿತವಾಗಿ ತಿಳಿಸತಕ್ಕದ್ದು. ಹಾಲ್ದಾರ್ ಬಾಬುಗಳನ್ನೂ ಜೊತೆಗೆ ಕರೆತರುವುದು. ಈ ಸಲ ಸಂದೇಶ್ ಬೇಡ.